ಹೆಣ್ಣು ನೋಡಲು ಬಂದ ಕೇಕ್

"ಎಷ್ಟು ಸಲ ಮುಚ್ಚಳ ತೆಗೆದು ನೋಡಿದ್ರಿ?"

ಹೆಣ್ಣು ನೋಡಲು ಬಂದ ಹುಡುಗನಿಗೆ ಹುಡುಗಿ ಹಂಸಾ ಕೇಳಿದ ಮೊದಲ ಮಾತು ಇದು! ಕತ್ರಿಗುಪ್ಪೆಯ ಆ ಮನೆಯ ನಡುಮನೆಯಲ್ಲಿ ಕೂತಿದ್ದವರೆಲ್ಲ ತಬ್ಬಿಬ್ಬಾದರು. ಮಯೂರ್ ಮಾತ್ರ ತಲೆ ತಗ್ಗಿಸಿದ.

"ಲೆಕ್ಕ ಇಟ್ಟಿಲ್ಲ..."

ಹಂಸಾಳ ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯವರೆಗೆ ಆ ಮನೆಯಲ್ಲಿ ಸಿಹಿ ಮಾಡುವ ಹಾಗಿಲ್ಲ. ಹಾಗಾಗಿ ಸಿಹಿಯನ್ನು ಗಂಡಿನ ಕಡೆಯವರೇ ತರಬೇಕಿತ್ತು. ಅಂಗಡಿಯದು ಬೇಡವೆನ್ನಿಸಿ ಮಯೂರ್ ತಾನೇ ಕುಕ್ಕರಿನಲ್ಲಿ ಕೇಕ್ ಮಾಡಿ ತಂದಿದ್ದ. ನಡುವೆ ದೊಡ್ಡ ಗುಂಡಿ ಬಿದ್ದಿತ್ತು.

ಹಂಸಾಳ ಅಮ್ಮನದೂ ಕುಕ್ಕರ್ ಕೇಕೇ. ಗ್ಯಾಸ್ಕೆಟ್, ವಿಷಲ್ ತೆಗೆದಿಟ್ಟು, ತಳಕ್ಕೆ ಮರಳು ಹರವಿ, ಅದರ ಮೇಲೆ ಡಬ್ಬಿ ಇಡುತ್ತಿದ್ದಳು. ಪುಟ್ಟ ಹಂಸಾಗೆ ತಾಳ್ಮೆ ಎಲ್ಲಿಂದ ಬರಬೇಕು? ಅಮ್ಮ ಅತ್ತ ಹೋದದ್ದೇ ತಡ, ಮುಚ್ಚಳ ಎತ್ತಿ ಇಣುಕುತ್ತಿದ್ದಳು. ಉಬ್ಬುತ್ತಿದ್ದ ಕೇಕ್ ಕುಸಿದು ಕೂರುತ್ತಿತ್ತು. ಅಮ್ಮ ಬೈಯುತ್ತಲೇ ಆ ಗುಂಡಿಗೆ ಹಾಲಿನ ಕೆನೆ, ಸಕ್ಕರೆ, ಬಾಳೆಹಣ್ಣು ತುಂಬಿ ಕೊಡುತ್ತಿದ್ದಳು. ಪ್ರತಿ ಹುಟ್ಟುಹಬ್ಬಕ್ಕೂ ಗುಂಡಿ ಕೇಕೇ ಗತಿ.

ಇಷ್ಟೆಲ್ಲ ನೆನಪಾಯಿತು. ಆದರೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಅಮ್ಮ ಹೋದಂದಿನಿಂದ ಹೀಗೇ... ಎಲ್ಲವೂ ಪಕ್ಕದ ಮನೆಯಲ್ಲಿ ನಡೆಯುತ್ತಿರುವ ಹಾಗೆ.

ಸಾವಾದ ಮನೆ, ವರ್ಷದೊಳಗೆ ಮದುವೆ ಮುಗಿಸಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು ಎಂದು ಸೋದರಮಾವ ಚಕ್ರಪಾಣಿ ಪಟ್ಟು ಹಿಡಿದಿದ್ದರು. ಮುಂದಿನ ತಿಂಗಳಿಗೆ ಛತ್ರವೂ ಗೊತ್ತಾಗಿತ್ತು. ಹುಡುಗನೊಬ್ಬ ಬಾಕಿ, ಅಷ್ಟೆ!

ಟೆರೇಸಿನಲ್ಲಿ ಇಬ್ಬರನ್ನೇ ಬಿಟ್ಟಾಗ ಮಯೂರ್, ತಾನು ಒಪ್ಪಿಗೆಯೇ ಎಂದು ಮೆಲ್ಲಗೆ ಕೇಳಿದ.

"ಒಪ್ಪಿಗೆ. ಯಾರು ಬಂದಿದ್ರೂ ಒಪ್ಕೋತಿದ್ದೆ. ನನಗೆ ಏನೂ ಅನ್ನಿಸ್ತಾನೇ ಇಲ್ಲ. ಸುಳ್ಳು ಹೇಳಬಾರದು ಅಂತ ಹೇಳ್ದೆ."

ಅವನು ಕೆಳಗಿಳಿದು ಹೋದ.

ಮರುದಿನ ಬೆಳಿಗ್ಗೆ ಚಕ್ರಪಾಣಿ ಫೋನ್ ಇಟ್ಟವರೇ, ಹುಡುಗ ಬೇಡ ಅಂದನಂತೆ, ಬೇರೆ ಜಾತಕ ತರಿಸುತ್ತೇನೆ ಎಂದರು.

ಹಂಸಾ ಸರಿ ಎಂದಳು. ಪಾತ್ರೆ ತೊಳೆದಳು. ಉಳಿದಿದ್ದ ಕೇಕನ್ನು ನಿಂತಲ್ಲೇ ತಿಂದಳು. ಸಿಹಿ ಕಮ್ಮಿ, ತಳ ಸೀದಿತ್ತು.

'ನಿಜ ಹೇಳಿದ್ದೇ ತಪ್ಪಾಯಿತೇ?'

ಎದೆಯಲ್ಲಿ ಏನೋ ಚುರ್ರೆಂದಿತು. ಅವಳಿಗೇ ಆಶ್ಚರ್ಯವಾಯಿತು. ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿ, ಸುಬ್ರಹ್ಮಣ್ಯಪುರದ ಅವನ ಮನೆಗೇ ಹೋದಳು.

ಮಯೂರ್ ಗೇಟಿನ ಹತ್ತಿರವೇ ಸಿಕ್ಕ.

"ಬೇಡ ಅಂದ್ರಂತೆ?"

"ಮುಂದಿನ ತಿಂಗಳು ಬೇಡ ಅಂದೆ. ನಿಮ್ಮನ್ನ ಬೇಡ ಅನ್ನಲಿಲ್ಲ. ಪೂರ್ತಿ ಹೇಳೋಕೆ ಮುಂಚೆ ನಿಮ್ಮ ಮಾವ ಫೋನ್ ಇಟ್ಬಿಟ್ರು."

ಹಂಸಾ ಗೇಟಿನ ಸರಳು ಹಿಡಿದುಕೊಂಡಳು.

"ನಿನ್ನೆ ಕೇಕ್ ನೋಡಿ ಮಾತಾಡಿದ್ರಲ್ಲ, ಆ ಒಂದು ಗಳಿಗೆ ನೀವು ನಿಜವಾಗ್ಲೂ ಅಲ್ಲಿದ್ರಿ. ಆ ಹಂಸಾ ನಂಗೆ ತುಂಬಾ ಇಷ್ಟ ಆದ್ರು. ಮೂರು ವರ್ಷ ಆದ್ರೂ ಕಾಯ್ತೀನಿ."

"ಆಮೇಲೂ ನನಗೇನೂ ಅನ್ನಿಸದೇ ಹೋದ್ರೆ?"

"ಈಗ ಯಾಕೆ ಬಂದ್ರಿ?"

"ಕೋಪ ಬಂತು... ನಿಮ್ಮ ಮೇಲೆ ಸಖತ್ ಕೋಪ ಬಂತು."

"ಹೀಗೆ ಕೋಪ ಬಂದು ಎಷ್ಟು ದಿನ ಆಗಿತ್ತು?"

ಹಂಸಾ ಯೋಚಿಸಿದಳು. "ಅಮ್ಮ ಹೋದಾಗಿಂದ..." ಎನ್ನುವಷ್ಟರಲ್ಲಿ ಅವಳು ಅಳುತ್ತಿದ್ದಳು.

ಮಯೂರ್ ಗೇಟು ತೆರೆದು ಪಕ್ಕಕ್ಕೆ ಸರಿದ.

"ಒಳಗೆ ಬನ್ನಿ. ಬೈಯೋದಿದ್ರೆ ಕೂತ್ಕೊಂಡು ಬೈಬಹುದು."