ಫಿಲಿಪ್-ಮೇರಿ ಶಿಲ್ಲಿಂಗ್ ಮತ್ತು ಅತ್ತೆಯ ವಿಭೂತಿ

ಸರಕ್... ಸರಕ್... ಸರಕ್...

ರಾತ್ರಿ ಹನ್ನೊಂದೂವರೆ. ಕೆಳಗೆ ಯಾರೋ ಏನನ್ನೋ ಉಜ್ಜುತ್ತಿದ್ದರು.

ಬೀಗ ಕೊಯ್ಯೋ ಸದ್ದಾ?

ಕೈಗೆ ಸಿಕ್ಕ ಇಸ್ತ್ರಿಪೆಟ್ಟಿಗೆ ಹಿಡಿದು ಮೆಟ್ಟಿಲಿಳಿದೆ. ಗಂಡ ಗುರುದತ್‌ಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಬ್ಯಾಲಿನ್‌ಕೊಲಿಗ್‌ನ ಈ ಮನೆಯಲ್ಲಿ ಇದ್ದದ್ದು ನಾನು, ಮೈಸೂರಿಂದ ಬಂದ ಅತ್ತೆ, ಮತ್ತೆ... ಆ ನಾಣ್ಯ.

ಇನ್ಶೂರೆನ್ಸ್ ಕಂಪನಿಗೆ ಕಳವು ಮಾಲು ಹುಡುಕಿಕೊಡೋದು ನನ್ನ ಕೆಲಸ. ಮಧ್ಯಾಹ್ನ ವಾಟರ್‌ಫರ್ಡ್‌ನಲ್ಲಿ ಡೆಕ್ಲನ್‌ನನ್ನ ಮೂರು ಮಹಡಿ ಅಟ್ಟಿಸಿಕೊಂಡು ಹೋಗಿ, ಕಾರ್ ಪಾರ್ಕ್‌ನ ಮೂಲೆಯಲ್ಲಿ ಹಿಡಿದಿದ್ದೆ. ಆ ನಾಣ್ಯವನ್ನ ಅವನು ಕದ್ದಿದ್ದು ಸ್ವಂತ ಚಿಕ್ಕಮ್ಮ ಮಿಸೆಸ್ ಕ್ವಿನ್ಲನ್ ಮನೆಯಿಂದ.

1554ರ ಶಿಲ್ಲಿಂಗ್. ರಾಣಿ ಮೇರಿ, ಅವಳ ಗಂಡ ಫಿಲಿಪ್. ಮೂಗಿಗೆ ಮೂಗು ತಾಗೋ ಹಾಗೆ ಎದುರುಬದುರು. ಮೇಲೆ ಇಬ್ಬರಿಗೂ ಸೇರಿ ಒಂದೇ ಕಿರೀಟ. ನಾಲ್ಕೂವರೆ ಶತಮಾನದ ಕಪ್ಪು ಅದರ ಮೇಲೆ ಕೂತಿತ್ತು. ಹಳೇ ನಾಣ್ಯ ಕೊಳ್ಳೋರಲ್ಲಿ ಬೆಲೆ ಇದ್ದದ್ದೇ ಆ ಕಪ್ಪಿಗೆ.

"ಇದ್ದ ಹಾಗೇ ವಾಪಸ್ ಬಂದ್ರೆ ಕಂಪ್ಲೇಂಟ್ ಕೊಡಲ್ಲ," ಅಂದಿದ್ದಳು ಮುದುಕಿ ಕ್ವಿನ್ಲನ್.

ಡೆಕ್ಲನ್‌ಗೆ ಹಳೇ ಕೇಸೊಂದಿತ್ತು. ಇನ್ನೊಂದಾದರೆ ನೇರ ಜೈಲು.

"ಒಂದು ಗೀರೂ ಬಿದ್ದಿಲ್ಲ, ನೋಡ್ಕೊಳ್ಳಿ," ಅಂದಿದ್ದ, ಕೈಗಿಡುತ್ತಾ. "ಚಿಕ್ಕಮ್ಮಂಗೆ ಹೇಳ್ತೀರಲ್ಲ?"

"ಹೇಳ್ತೀನಿ."

"ಮಾತು ಕೊಟ್ರಿ?"

"ಕೊಟ್ಟೆ."

ಅವನು ಮಾರಬೇಕೆಂದಿದ್ದ ಗಿರಾಕಿಯ ಕಪ್ಪು ವ್ಯಾನ್ ಡಂಗಾರ್ವನ್‌ವರೆಗೂ ನನ್ನ ಬೆನ್ನು ಬಿಟ್ಟಿರಲಿಲ್ಲ. ಒಂದು ರೌಂಡ್‌ಅಬೌಟ್‌ನಲ್ಲಿ ಮೂರು ಸುತ್ತು ಹೊಡೆದು ತಪ್ಪಿಸಿಕೊಂಡೆ. ಮನೆಗೆ ಬಂದವಳೇ ಕಳ್ಳನ ಕೈ ಹೋಗದ ಜಾಗ ಹುಡುಕಿದೆ. ದೇವರ ಗೂಡು. ಬೆಳ್ಳಿ ಕುಂಕುಮದ ಭರಣಿಯ ಹಿಂದೆ.

ಜಾಣತನ ಅಂದರೆ ಇದು ಅಂದುಕೊಂಡೆ.

ಈಗ ಮೆಟ್ಟಿಲಿಳಿದವಳೇ ಅಡುಗೆಮನೆ ಬಾಗಿಲನ್ನ ಒದ್ದು ತೆಗೆದೆ.

"ಅಯ್ಯೋ! ಇಸ್ತ್ರಿಪೆಟ್ಟಿಗೆ ಯಾಕೆ ಹಿಡ್ಕೊಂಡಿದೀಯೇ?"

ಅತ್ತೆ. ಮುಂದೆ ಪೇಪರ್ ಹಾಸಿ ದೀಪದ ಕಂಬ, ಪಂಚಪಾತ್ರೆ, ಭರಣಿ ಹರಡಿಕೊಂಡಿದ್ದರು. ಬೆರಳ ತುದಿಗೆ ವಿಭೂತಿ.

ಬೆಳಗಾದರೆ ವರಮಹಾಲಕ್ಷ್ಮಿ ಹಬ್ಬ. ನಾನು ಮರೆತಿದ್ದೆ.

"ಅತ್ತೆ... ಅಲ್ಲೊಂದು ನಾಣ್ಯ..."

"ಹಬ್ಬಕ್ಕೆ ಅಂತ ಬೆಳ್ಳಿ ನಾಣ್ಯ ತಂದಿದೀಯ, ನಂಗೊಂದು ಮಾತು ಹೇಳಬಾರದಾ? ಆ ಅಂಗಡಿಯವನು ಮೋಸ ಮಾಡಿದಾನೆ ನೋಡು, ಮಸಿ ಹಿಡಿದಿರೋದು ಕೊಟ್ಟಿದಾನೆ. ತಿಕ್ಕೀ ತಿಕ್ಕೀ ಕೈ ಬಿದ್ದೋಯ್ತು." ಎತ್ತಿ ಹಿಡಿದರು. "ಯಾರೇ ಈ ದಂಪತಿ? ಜಗಳ ಆಡೋರ ಥರ ಕೂತಿದಾರೆ."

ಹೊಸ ಚಮಚದ ಹಾಗೆ ಫಳಫಳ ಹೊಳೆಯುತ್ತಿತ್ತು. ಮೇರಿಯ ಮೂಗು ಅರ್ಧ ಸವೆದಿತ್ತು.

"ಚೆನ್ನಾಗಾಯ್ತಲ್ಲ?"

"ತುಂಬಾ ಚೆನ್ನಾಗಾಯ್ತು ಅತ್ತೆ."

ಬೆಳಿಗ್ಗೆ ಹತ್ತಕ್ಕೆ ಮಿಸೆಸ್ ಕ್ವಿನ್ಲನ್ ಮನೆ. ಟೀ ಕೊಟ್ಟಳು. ಭೂತಗನ್ನಡಿ ತಂದಳು. ನೋಡಿದಳು.

ನಾಣ್ಯ ತಿರುಗಿಸಿ ಮತ್ತೆ ನೋಡಿದಳು.

"ನನ್ನ ಗಂಡ ಇದನ್ನ ಬರಿಗೈಲಿ ಮುಟ್ತಾನೂ ಇರ್ಲಿಲ್ಲ," ಅಂದಳು ಕೊನೆಗೆ. "ಡೆಕ್ಲನ್ ಮಾಡಿದ್ದಾ?"

ನಾನು ಮಾತನ್ನ ಅಳೆದು ಆಡುವವಳು. ಅವತ್ತೂ ಅಳೆದೆ.

"ಅವನ ಕೈಯಿಂದಲೇ ತಗೊಂಡು ಬಂದೆ."

ಒಂದಕ್ಷರ ಸುಳ್ಳಿಲ್ಲ.

ಅವಳು ಗಾರ್ಡಾ ಸ್ಟೇಷನ್‌ಗೆ, ಅಂದರೆ ಇಲ್ಲಿನ ಪೊಲೀಸರಿಗೆ, ಫೋನ್ ಮಾಡುವಾಗ ನಾನು ಟೀ ಕುಡಿಯುತ್ತಿದ್ದೆ. ತಣ್ಣಗಾಗಿತ್ತು. ಪೂರ್ತಿ ಕುಡಿದೆ.

ಹೊರಗೆ ಬಂದು ಕಾರಲ್ಲಿ ಕೂತೆ. ಡೆಕ್ಲನ್ ಮೆಸೇಜ್: 'ಚಿಕ್ಕಮ್ಮ ಏನಂದ್ರು? ಎಲ್ಲ ಗ್ರ್ಯಾಂಡ್ ತಾನೆ?'

ಎರಡು ಸಲ ಫೋನೂ ಬಂತು. ಎತ್ತಲಿಲ್ಲ.

ಒಳಗೆ ವಾಪಸ್ ಹೋಗಬಹುದಿತ್ತು. ಬಾಗಿಲು ಹತ್ತು ಹೆಜ್ಜೆ ದೂರ. ಹೋದರೆ ನನ್ನ ಕೆಲಸ ಹೋಗುತ್ತೆ. ಹೋಗದಿದ್ದರೆ ಅವನು ಒಳಗೆ ಹೋಗ್ತಾನೆ.

ಕಾರ್ ಸ್ಟಾರ್ಟ್ ಮಾಡಿದೆ. ಗುರುದತ್‌ಗೆ ಹೇಳಲ್ಲ. ಆಫೀಸಿಗೆ ಹೇಳಲ್ಲ. ಅತ್ತೆಗಂತೂ ಸತ್ತರೂ ಹೇಳಲ್ಲ... ಯಾರಿಗೂ ಇಲ್ಲ.

ಮುಂದಿನ ತಿಂಗಳು ಕೋರ್ಟ್. ಮುಖ್ಯ ಸಾಕ್ಷಿ ನಾನೇ. ನನ್ನ ಮಾತು ಅಂದರೆ ಅಲ್ಲಿ ಎಲ್ಲರಿಗೂ ನಂಬಿಕೆ.