ನಡುವಿನ ಹುಕ್ಕು

ಅಂಗಡಿಯ ಬೀಗ ಒಡೆದು ಮೆಟ್ಟಿಲ ಮೇಲೆ ಬಿದ್ದಿತ್ತು.

ತುಂಗಮ್ಮ ಅದನ್ನು ನೋಡಿದಳು, ದಾಟಿದಳು, ಒಳಗೆ ಹೋದಳು. ಗಂಡ ಸತ್ತ ಮೇಲೆ ತೀರ್ಥಹಳ್ಳಿ ಕಡೆಯಿಂದ ಸಾಗರಕ್ಕೆ ಬಂದು, ಪೇಟೆಯಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟು, ಊರಿನ ಬಾಯಿಗೆಲ್ಲ ಉತ್ತರ ಕೊಟ್ಟ ಹೆಂಗಸು. ಬೀಗ ಒಡೆದಿದ್ದಕ್ಕೆಲ್ಲ ಎದೆ ಬಡಿದುಕೊಳ್ಳುವವಳಲ್ಲ. ಮೊದಲು ಏನು ಹೋಗಿದೆ ಅಂತ ನೋಡುವವಳು.

ಮಷಿನ್ನು ಎರಡೂ ಇದ್ದವು. ಗಿರಾಕಿಗಳ ರೇಷ್ಮೆ ಕಪಾಟಿನಲ್ಲೇ ಇತ್ತು. ಹೊಲಿದಿಟ್ಟ ರವಿಕೆಗಳು ಮಾತ್ರ ನೆಲದ ತುಂಬ ಚೆಲ್ಲಾಡಿದ್ದವು. ಅವುಗಳ ನಡುವೆ ಅವಳ ಕ್ಯಾನ್ವಾಸ್ ಚೀಲ ಬಿದ್ದಿತ್ತು. ಎತ್ತಿಕೊಂಡಳು. ಹಗುರ. ಹುಕ್ಕು ಬಿಚ್ಚಿ ಕೈ ಹಾಕಿದಳು. ಖಾಲಿ.

ಆಗ ಮಾತ್ರ ಮೇಜಿನ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟಳು.

ಚೀಲದಲ್ಲಿ ಇದ್ದದ್ದು ಒಂದು ಅಚ್ಚು. ಅಂಗೈ ಅಗಲದ ಹಲಸಿನ ಮರದ ತುಂಡು, ಅದರ ಮೇಲೆ ಉಕ್ಕಿನ ಮೊಳೆಗಳು. ಆ ಮೊಳೆಗಳ ಸುತ್ತ ತಂತಿ ಬಳಸಿದರೆ ರವಿಕೆಯ ಹುಕ್ಕು ತಯಾರು. ಅಂಥಿಂಥ ಹುಕ್ಕಲ್ಲ. ಮಾಮೂಲಿ ಹುಕ್ಕು ಬಟ್ಟೆ ಬಿಗಿಯಾಗಿರುವ ತನಕ ನಿಯತ್ತಿನದು. ಬಗ್ಗಿದಾಗ ಬಟ್ಟೆ ಸಡಿಲವಾಯಿತೋ, ಎದುರು ಪಟ್ಟಿಯ ಕಣ್ಣಿನಿಂದ ಜಾರಿ ಮಾನ ಕಳೆಯುತ್ತದೆ. ತುಂಗಮ್ಮನ ಹುಕ್ಕಿನ ನಾಲಿಗೆಯ ಮೇಲೆ ಸಣ್ಣದೊಂದು ಹುಬ್ಬು ಇತ್ತು. ಕಣ್ಣಿಗೆ ಹೊಕ್ಕಾಗ ‘ಟಕ್’ ಅನ್ನುತ್ತಿತ್ತು. ಆಮೇಲೆ ಎಳೆದರೂ ಬಿಡದು, ಬಗ್ಗಿದರೂ ಬಿಡದು. ಎರಡು ಅಂಚನ್ನೂ ಒಂದರ ಮೇಲೊಂದು ಒತ್ತಿ, ಮೇಲಕ್ಕೆ ಎತ್ತಬೇಕು. ಆ ಗುಟ್ಟು ಗೊತ್ತಿಲ್ಲದವರು ಬಟ್ಟೆ ಹರಿಯಬೇಕು, ಅಷ್ಟೆ.

ಅದನ್ನು ಪಳಗಿಸಲು ವರ್ಷಗಳೇ ಹಿಡಿದಿದ್ದವು. ಹುಬ್ಬಳ್ಳಿಯ ಗುಂಡಿ ಕಾರ್ಖಾನೆಯವರು ನಾಡಿದ್ದು ನೋಡಲು ಬರುವವರಿದ್ದರು. ಅವರಿಗೆ ಮೊದಲು ತೋರಿಸಿದವರದೇ ಹುಕ್ಕು. ಆಮೇಲೆ ನನ್ನದು ನನ್ನದು ಅಂತ ಬೊಬ್ಬೆ ಹೊಡೆದರೆ ಕೇಳುವವರು ಯಾರು?

“ಅಕ್ಕಾ, ಎಂತ ಆಯ್ತು?”

ಬಾಗಿಲಲ್ಲಿ ಶಾಂತಮ್ಮ. ಹದಿನೆಂಟರ ಹುಡುಗಿಯಾಗಿ ಕೆಲಸ ಕಲಿಯಲು ಬಂದವಳು, ಈಗ ಅಂಗಡಿಯ ಅರ್ಧ ಜೀವ. ತುಂಗಮ್ಮನಿಗೆ ತಂಗಿ ಇರಲಿಲ್ಲ. ಇದ್ದಿದ್ದರೂ ಇಷ್ಟು ಹಚ್ಚಿಕೊಳ್ಳುತ್ತಿದ್ದಳೋ ಇಲ್ಲವೋ.

“ಅಚ್ಚು ಹೋಯ್ತು ಕಣೆ ಶಾಂತ.”

ಶಾಂತಮ್ಮ ಓಡಿ ಬಂದು ಪಕ್ಕದಲ್ಲಿ ಕೂತಳು. ತುಂಗಮ್ಮನಿಗಿಂತ ಮೊದಲು ಅತ್ತವಳು ಅವಳೇ. ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. ರವಿಕೆಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ನಡುವಿನ ಹುಕ್ಕು ಹಾಕಿ, ಮೇಜಿನ ಮೇಲೆ ಒಟ್ಟಿದಳು. ಆಕಾಶ ಬಿದ್ದರೂ ಅವಳ ಕೈ ಕೆಲಸ ಬಿಡದು.

* * *

ಸಬ್ ಇನ್ಸ್‌ಪೆಕ್ಟರ್ ಮಂಜುನಾಥಪ್ಪ ಒಳ್ಳೆಯ ಮನುಷ್ಯ. ಆದರೆ ಅಡಿಕೆ ಮಂಡಿಯ ಕಳ್ಳತನ ನೋಡಿ ಅಭ್ಯಾಸವಾದವರಿಗೆ ಹುಕ್ಕಿನ ಕಳ್ಳತನ ಹಿಡಿಸುವುದು ಕಷ್ಟ.

“ಒಂದು ಹುಕ್ಕಿಗೆ ಬೀಗ ಒಡೀತಾರಾ ತುಂಗಮ್ಮೋರೆ?”

“ನೀವು ಸೀರೆ ಉಡೋದಿಲ್ಲ ಸಾರ್. ಅದಕ್ಕೆ ಹಾಗೆ ಕೇಳ್ತೀರಿ.”

ಪೇದೆ ನಗು ನುಂಗಿದ. ತುಂಗಮ್ಮ ಎಲ್ಲರಿಗೂ ಹೇಳುತ್ತಿದ್ದ ಕತೆಯನ್ನೇ ಅವರಿಗೂ ಹೇಳಿದಳು. ಇಕ್ಕೇರಿ ಹತ್ತಿರದ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ. ಸಾಲಾಗಿ ಹೆಂಗಸರು. ಬುಟ್ಟಿ ಹೊತ್ತು ಬರುವ ಗಂಡಸರು. ಕತ್ತಿಯ ಮೇಲೆ ಬಗ್ಗಿದ ಹುಡುಗಿಯೊಬ್ಬಳ ರವಿಕೆಯ ಹುಕ್ಕು ಒಂದರ ಹಿಂದೊಂದು ಬಿಚ್ಚಿಕೊಂಡವು. ಎರಡೂ ಕೈಗೆ ಅಡಿಕೆಯ ಚೊಗರು ಮೆತ್ತಿ ಅಂಟಾಗಿತ್ತು. ಮುಚ್ಚಿಕೊಳ್ಳುವಷ್ಟರಲ್ಲಿ ಅಂಗಳಕ್ಕೆ ಅಂಗಳವೇ ನಕ್ಕಿತ್ತು.

“ಆ ಹುಡುಗಿ ಇದೇ ನಮ್ಮ ಶಾಂತ, ಸಾರ್. ಇವಳು ಅಳೋದು ನೋಡಿ ಆವತ್ತೇ ನಿಶ್ಚಯ ಮಾಡ್ದೆ, ಬಿಚ್ಚದೇ ಇರೋ ಹುಕ್ಕು ಮಾಡ್ಬೇಕು ಅಂತ.”

ಮಂಜುನಾಥಪ್ಪ ಶಾಂತಮ್ಮನತ್ತ ನೋಡಿದರು. ಪೇದೆಯೂ ನೋಡಿದ. ಶಾಂತಮ್ಮ ಸೂಜಿಗೆ ನೂಲು ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಚೀಲ ಹರಿದಿಲ್ಲ ಸಾರ್,” ಅಂದಳು ತುಂಗಮ್ಮ. “ಅದರ ಬಾಯಿಗೂ ಇದೇ ಹುಕ್ಕು; ನಾನು ಏಳೂ ಹಾಕಿ ಹೋಗಿದ್ದೆ. ಬಿಚ್ಚೋದು ಗೊತ್ತಿದ್ದವರೇ ಬಿಚ್ಚಿದ್ದು.”

“ಯಾರಿಗೆ ಗೊತ್ತು?”

“ನನಗೆ, ಶಾಂತಂಗೆ. ಅಚ್ಚಿಗೆ ಮೊಳೆ ಹೊಡೆದುಕೊಟ್ಟ ಕಮ್ಮಾರ ಜಟ್ಟಿಂಗಪ್ಪಂಗೆ.”

ಆಗಲೇ ಪೇದೆ ಮೆಟ್ಟಿಲ ಸಂದಿಯಿಂದ ಒಂದು ಉಳಿ ಎತ್ತಿ ತಂದ. ಬೀಗ ಮೀಟಿದ ಉಳಿ. ಹಿಡಿಯ ಮೇಲೆ ಜಟ್ಟಿಂಗಪ್ಪನ ಕುಲುಮೆಯ ಗುರುತು.

ಮಂಜುನಾಥಪ್ಪ ಟೋಪಿ ಹಾಕಿಕೊಂಡರು. “ಮುಗೀತಲ್ಲ.”

* * *

ಮುಗಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಟ್ಟಿಂಗಪ್ಪ ಲಾಕಪ್ಪಿನಲ್ಲಿದ್ದ. ತುಂಗಮ್ಮ ಠಾಣೆಗೆ ಹೋದಾಗ ಅವನು ಕಂಬಿಯ ಹಿಂದಿನಿಂದ ಒಂದೇ ಮಾತು ಕೇಳಿದ.

“ನಾನು ಕದೀಬೇಕಾ ತುಂಗಕ್ಕ? ಬೇಕಿದ್ರೆ ಅಂಥದ್ದೇ ಇನ್ನೊಂದು ಮಾಡ್ಕೊಳ್ತಿರ್ಲಿಲ್ವಾ?”

ಹೌದಲ್ಲ. ಅಚ್ಚು ಮಾಡಿದವನಿಗೆ ಅಚ್ಚು ಕದಿಯುವ ಕರ್ಮ ಯಾಕೆ? ತುಂಗಮ್ಮನಿಗೆ ನಾಚಿಕೆಯಾಯಿತು. ಅವನ ಹೆಸರು ಹೇಳಿ ಸಿಕ್ಕಿಸಿದ್ದು ತನ್ನ ಬಾಯಿಯೇ.

“ಉಳಿ ಹೇಗೆ ಬಂತೋ?”

“ಕುಲುಮೆಗೆ ಬಾಗಿಲೇ ಇಲ್ಲ. ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದು.”

ಹಾಗಾದರೆ ಎದುರು ಅಂಗಡಿಯ ಮಂಜಯ್ಯ. ಅವನೂ ಟೈಲರು. “ಹುಕ್ಕು ಮಾಡಿ ಕೋಟೆ ಕಟ್ತಾಳಂತೆ” ಎಂದು ಹೋಟೆಲಿನಲ್ಲಿ ಕೂತು ಆಡಿಕೊಂಡವನು. ಒಮ್ಮೆ ಹೆಂಡತಿಯನ್ನು ರವಿಕೆ ಹೊಲಿಸುವ ನೆಪದಲ್ಲಿ ಕಳಿಸಿ, ಹೊಸ ಹುಕ್ಕು ಹಾಕಿಸಿಕೊಂಡು ಬಾ ಅಂದಿದ್ದನಂತೆ. ತುಂಗಮ್ಮ ಹಾಕಿಕೊಟ್ಟಿರಲಿಲ್ಲ. ಮಂಜುನಾಥಪ್ಪ ಅವನನ್ನೂ ಕರೆಸಿ ಗದರಿಸಿದರು. ಅವನು ಮನೆದೇವರ ಮೇಲೆ ಆಣೆ ಇಟ್ಟ. ಮಂಜಯ್ಯನ ಆಣೆಗೆ ಊರಲ್ಲಿ ಬೆಲೆ ಇರಲಿಲ್ಲ.

ಸಂಜೆ ಶಾಂತಮ್ಮ ಗಂಜಿ ಕಾಸಿ ತಂದಳು. ತುಂಗಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ಉಣ್ಣಕ್ಕ. ನೀವೇ ಹೀಗೆ ಕೂತ್ರೆ ಹೇಗೆ? ಹೋಗಿದ್ದು ಹೋಯ್ತು.”

“ನೀನಾದ್ರೂ ಇದ್ದೀಯಲ್ಲ,” ಅಂದಳು ತುಂಗಮ್ಮ. ಅಂದು, ಮೊದಲ ಸಲ ಅತ್ತಳು.

* * *

ಮಾರನೆಯ ಬೆಳಿಗ್ಗೆ ವರದಮೂಲದ ಕಡೆಯಿಂದ ವರದಾ ಬಂದಳು. ಹವ್ಯಕರ ಹೆಂಗಸು, ಹಳೆಯ ಗಿರಾಕಿ. ಶಾಂತಮ್ಮ ಇನ್ನೂ ಬಂದಿರಲಿಲ್ಲ.

“ನಾಳೆ ಮದುವೆಗೆ ಹೋಪದು ಇದ್ದು. ರವಿಕೆ ಆತಾ ತುಂಗಮ್ಮ?”

ಆಗಿತ್ತು. ವರದಾ ಪರದೆಯ ಹಿಂದೆ ತೊಟ್ಟು ನೋಡಿ, ತೋಳು ಸ್ವಲ್ಪ ಬಿಗಿ ಅಂದು, ಬಿಚ್ಚಿ ಮೇಜಿನ ಮೇಲೆ ಎಸೆದಳು. ಎಲ್ಲರೂ ಎಸೆಯುವ ಹಾಗೆ, ಹುಕ್ಕೆಲ್ಲ ತೆರೆದು. ತುಂಗಮ್ಮ ಅದನ್ನು ಎತ್ತಿದಳು, ತೋಳಿನ ಹೊಲಿಗೆ ನೋಡಿದಳು, ಕೆಳಗಿಟ್ಟಳು. ಇಡುವ ಮೊದಲು ಕೈ ತಾನಾಗಿಯೇ ನಡುವಿನ ಹುಕ್ಕು ಹಾಕಿತು.

ಕೈ ಅಲ್ಲೇ ನಿಂತಿತು.

ಹಿಂದೊಮ್ಮೆ ತೆರೆದಿಟ್ಟ ಹುಕ್ಕೊಂದು ಮದುವಣಗಿತ್ತಿಯ ರೇಷ್ಮೆ ಸೀರೆಗೆ ಸಿಕ್ಕಿ ಎಳೆ ಕಿತ್ತಿತ್ತು. ಅವತ್ತಿನಿಂದ ಅಂಗಡಿಯಲ್ಲಿ ಒಂದು ಕಟ್ಟಳೆ: ಯಾವ ಬಟ್ಟೆಯೂ ನಡುವಿನ ಹುಕ್ಕು ಹಾಕದೆ ಮೇಜಿಗೆ ಇಳಿಯಬಾರದು. ಮೇಲಿನದು ಹಾಕಿದರೆ ಕೆಳಗೆ ಬಾಯಿ ಬಿಡುತ್ತದೆ, ಕೆಳಗಿನದು ಹಾಕಿದರೆ ಮೇಲೆ. ನಡುವಿನದೊಂದು ಸಾಕು. ಆ ಪಾಠವನ್ನು ಅಳತೆ ಕೋಲಿನಿಂದ ಮಣಿಕಟ್ಟಿಗೆ ಹೊಡೆದು ಕಲಿಸಿದ್ದಳು, ಒಬ್ಬಳಿಗೆ.

ನಿನ್ನೆ ಚೀಲ ಎತ್ತಿಕೊಂಡಾಗ ತಾನು ಎಷ್ಟು ಹುಕ್ಕು ಬಿಚ್ಚಿದೆ?

ಒಂದು. ನಡುವಿನದು.

ತನ್ನ ಕೈಯ ರೂಢಿಯೇ ಆಗಿದ್ದರಿಂದ ಅದು ಕಣ್ಣಿಗೆ ಬಿದ್ದೇ ಇರಲಿಲ್ಲ.

“ಎಂತ ಆತು? ಮುಖ ಯಾಕೆ ಹಾಂಗಾತು?” ವರದಾ ಕೇಳಿದಳು.

“ಎಂಥದೂ ಇಲ್ಲ ವರದಕ್ಕ. ತೋಳು ಸಡಿಲ ಮಾಡಿಡ್ತೀನಿ. ಸಂಜೆ ಬನ್ನಿ.”

ಇರಲಾರದು, ಅಂದುಕೊಂಡಳು. ದೇವರೇ, ಇದೊಂದು ಸುಳ್ಳಾಗಲಿ. ಠಾಣೆಯ ದಾರಿಯಲ್ಲಿ ಕುಲುಮೆಗೆ ಹೋಗಿ ಜಟ್ಟಿಂಗಪ್ಪನ ಹೆಂಡತಿ ಹೂವಮ್ಮನನ್ನು ಕೇಳಿದಳು: ಮೊನ್ನೆ ಇಲ್ಲಿಗೆ ಯಾರು ಬಂದಿದ್ದರು?

“ಯಾರೂ ಇಲ್ಲ. ನಿಮ್ಮ ಶಾಂತಮ್ಮ ಒಬ್ಳು ಕತ್ತರಿ ಸಾಣೆ ಹಿಡಿಸ್ಕೊಂಡು ಹೋದ್ಲು.”

ಅಂಗಡಿಯ ಕತ್ತರಿಗಳನ್ನು ಹೋದ ವಾರವಷ್ಟೇ ಸಾಣೆ ಹಿಡಿಸಿದ್ದರು.

* * *

ಮಂಜಯ್ಯನನ್ನೂ ಶಾಂತಮ್ಮನನ್ನೂ ಠಾಣೆಗೆ ಕರೆಸಿ, ಜಟ್ಟಿಂಗಪ್ಪನನ್ನು ಲಾಕಪ್ಪಿನಿಂದ ಹೊರಗೆ ತಂದದ್ದಾಯಿತು. ಮೇಜಿನ ಮೇಲೆ ಆ ಕ್ಯಾನ್ವಾಸ್ ಚೀಲ, ಏಳೂ ಹುಕ್ಕು ಹಾಕಿದ್ದು. ಒಳಗೆ ಟೈಲರ್ ಸೀಮೆಸುಣ್ಣದ ತುಂಡು.

“ಒಳಗಿರೋ ಸೀಮೆಸುಣ್ಣ ತೆಗೆದುಕೊಡಿ,” ಅಂದರು ಮಂಜುನಾಥಪ್ಪ. “ಅಷ್ಟೇ. ಮೊದಲು ಮಂಜಯ್ಯ.”

ಮಂಜಯ್ಯ ಎಳೆದ, ತಿರುಚಿದ, ಹಲ್ಲು ಕಚ್ಚಿದ. ‘ಚರ್’ ಅಂತ ತುದಿಯ ಹುಕ್ಕು ಬಟ್ಟೆಯ ಸಮೇತ ಕಿತ್ತು ಬಂತು. ಆದರೂ ಬಿಚ್ಚಲಿಲ್ಲ.

“ಸಾಕು ಬಿಡು,” ಅಂದಳು ತುಂಗಮ್ಮ.

ಜಟ್ಟಿಂಗಪ್ಪ ಒತ್ತಿ ಎತ್ತಿದ. ಉಳಿದವನ್ನೆಲ್ಲ ಬಿಚ್ಚಿ, ಸುಣ್ಣ ತೆಗೆದು ಕೊಟ್ಟು, ಬಾಯಿ ತೆರೆದ ಚೀಲವನ್ನು ಮೇಜಿನ ಮೇಲೆ ಎಸೆದ. ಮಂಜುನಾಥಪ್ಪ ತುಂಗಮ್ಮನ ಮುಖ ನೋಡಿದರು. ಅವಳು ಸುಣ್ಣ ಮತ್ತೆ ಒಳಗಿಟ್ಟು ಹುಕ್ಕು ಹಾಕಿ, ಚೀಲವನ್ನು ಶಾಂತಮ್ಮನ ಮುಂದೆ ಸರಿಸಿದಳು.

“ನನಗೆ ಬಿಚ್ಚೋಕೆ ಬರುತ್ತೆ ಅಂತ ಎಲ್ರಿಗೂ ಗೊತ್ತಲ್ಲ ಅಕ್ಕ.” ಶಾಂತಮ್ಮ ಸಣ್ಣಗೆ ನಕ್ಕಳು.

“ಗೊತ್ತು. ಆದರೂ.”

ಶಾಂತಮ್ಮ ಸರಸರನೆ ಬಿಚ್ಚಿದಳು. ಸುಣ್ಣ ತೆಗೆದು ಸಾಹೇಬರ ಕೈಗಿಟ್ಟಳು. ಚೀಲವನ್ನು ಮೇಜಿನ ಮೇಲೆ ಇಟ್ಟಳು. ಇಡುವ ಮೊದಲು ಅವಳ ಬೆರಳು ನಡುವಿನ ಹುಕ್ಕನ್ನು ಹುಡುಕಿ ಹಾಕಿದವು.

‘ಟಕ್.’

ಆ ಸದ್ದು ಅವಳಿಗೂ ಕೇಳಿಸಿತು. ತನ್ನ ಕೈಯನ್ನೇ ನೋಡಿದಳು. ಆಮೇಲೆ ತುಂಗಮ್ಮನನ್ನು.

“ಹೊರಗಿನ ಕಳ್ಳ ಚೀಲ ಹರೀತಿದ್ದ ಸಾರ್,” ಅಂದಳು ತುಂಗಮ್ಮ. ದನಿ ಅವಳದೇ ಅನ್ನಿಸಲಿಲ್ಲ. “ಜಟ್ಟಿಂಗಪ್ಪ ಆಗಿದ್ರೆ ಬಿಚ್ಚಿ ಹಾಗೇ ಬಿಸಾಕ್ತಿದ್ದ. ಖಾಲಿ ಚೀಲಕ್ಕೆ ಹುಕ್ಕು ಹಾಕೋ ಕಳ್ಳ ಯಾವನಿದ್ದಾನೆ? ನಿನ್ನೆ ಅದು ನಡುವಿನ ಹುಕ್ಕು ಹಾಕ್ಕೊಂಡು ಬಿದ್ದಿತ್ತು. ಈ ಲೋಕದಲ್ಲಿ ಹಾಗೆ ಇಡೋ ಕೈ ಇರೋದು ನಾಲ್ಕೇ. ಎರಡು ನನ್ನವು. ಉಳಿದೆರಡಕ್ಕೆ ನಾನೇ ಕಲಿಸಿದ್ದು. ಬೀಗ ಒಡೆದಿದ್ದು, ರವಿಕೆ ಚೆಲ್ಲಿದ್ದು, ಹೊರಗಿನವರು ಬಂದ್ರು ಅಂತ ತೋರಿಸೋಕೆ. ಕತ್ತರಿ ನೆಪ ಮಾಡಿ ಕುಲುಮೆಯಿಂದ ಉಳಿ ತಂದಿದ್ದು, ಈ ಬಡವನ ತಲೆಗೆ ಕಟ್ಟೋಕೆ.”

ಜಟ್ಟಿಂಗಪ್ಪ ಶಾಂತಮ್ಮನನ್ನು ನೋಡಿ ಮುಖ ತಿರುಗಿಸಿದ.

“ಅಚ್ಚು ಎಲ್ಲಿ?” ಮಂಜುನಾಥಪ್ಪ ಕೇಳಿದರು.

“ಸುಬ್ಬಪ್ಪನ ಹತ್ರ,” ಅಂದಳು ಶಾಂತಮ್ಮ. ತೀರ್ಥಹಳ್ಳಿಯ ಸುಬ್ಬಪ್ಪ, ಅಂಗಡಿ ಅಂಗಡಿಗೆ ನೂಲು ಗುಂಡಿ ಮಾರುತ್ತ ತಿರುಗುವವನು. “ಇವತ್ತು ಹೊಸನಗರದ ಪೇಟೆಯಲ್ಲಿರ್ತಾನೆ. ಅಲ್ಲಿಂದ ಹುಬ್ಬಳ್ಳಿಗೆ.”

ಪೇದೆ ಹೊಸನಗರ ಠಾಣೆಗೆ ಫೋನು ಹಚ್ಚಲು ಓಡಿದ.

“ಎಷ್ಟು ಕೊಡ್ತೀನಿ ಅಂದ ಅವನು?” ತುಂಗಮ್ಮ ಕೇಳಿದಳು.

“ದುಡ್ಡು ಕೇಳಲಿಲ್ಲ. ತೀರ್ಥಹಳ್ಳಿಯಲ್ಲಿ ಅಂಗಡಿ ಹಾಕ್ಕೊಡ್ತೀನಿ ಅಂದ. ಅಲ್ಲಿ ನನ್ನ ಕತೆ ಯಾರಿಗೂ ಗೊತ್ತಿಲ್ಲ.”

“ಯಾವ ಕತೆ?”

ಶಾಂತಮ್ಮ ತಲೆ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

“ಇಕ್ಕೇರಿ ಅಂಗಳದ್ದು. ನಿನ್ನೆ ಈ ಸಾಹೇಬ್ರಿಗೂ ಹೇಳಿದ್ರಲ್ಲ, ಅದು. ಬಂದ ಗಿರಾಕಿಗೆಲ್ಲ ಹೇಳಿದ್ರಿ. ಬಸ್ಸಲ್ಲಿ ಪಕ್ಕ ಕೂತವ್ರಿಗೂ ಹೇಳಿದ್ರಿ. ಪ್ರತಿ ಸಲ ಎಲ್ರೂ ನನ್ನ ಎದೆ ಕಡೆ ನೋಡ್ತಾರೆ ಅಕ್ಕ. ನಿಮಗೆ ಒಂದು ಸಲನೂ ಕಾಣ್ಲಿಲ್ವಾ? ಅಂಗಳದಲ್ಲಿ ಬಿಚ್ಚಿದ್ದು ಒಂದೇ ಸಲ. ನೀವು ದಿನಾ ಬಿಚ್ಚಿದ್ರಿ. ಹುಕ್ಕಿಗೆ ನಿಮ್ಮ ಹೆಸರು. ಕತೆಗೆ ನನ್ನ ಹೆಸರು.”

ತುಂಗಮ್ಮನಿಗೆ ಬಂದದ್ದು ಸಿಟ್ಟೇ.

“ಒಂದು ಮಾತು ಹೇಳ್ಬಹುದಿತ್ತಲ್ಲ ಶಾಂತ. ಹೇಳ್ಬೇಡಿ ಅಕ್ಕ ಅಂದಿದ್ರೆ ನಾನು ನಾಲಿಗೆ ಕಚ್ಕೊಳ್ತಿದ್ದೆ. ಅದು ಬಿಟ್ಟು ಕದ್ದೆ. ಜಟ್ಟಿಂಗಪ್ಪನ್ನ ಜೈಲಿಗೆ ಹಾಕಿಸ್ದೆ. ನಿನ್ನೆ ಸಂಜೆ ಗಂಜಿ ಬೇರೆ ಕಾಸಿ ತಂದೆ.”

“ನೀವು ಉಣ್ಣಲಿಲ್ಲ ಅಂತ ತಂದೆ,” ಅಂದಳು ಶಾಂತಮ್ಮ. ಅದರಲ್ಲಿ ಸುಳ್ಳಿರಲಿಲ್ಲ. ತುಂಗಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ.

* * *

ಸುಬ್ಬಪ್ಪ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ. ಅಚ್ಚು ಅವನ ಪೆಟ್ಟಿಗೆಯಲ್ಲಿ ಗುಂಡಿಗಳ ಅಡಿಯಲ್ಲಿತ್ತು. ಒಂದು ಮೊಳೆಯೂ ಅಲುಗಿರಲಿಲ್ಲ.

ಮರುದಿನ ಹುಬ್ಬಳ್ಳಿಯವರು ಹೇಳಿದ ಹೊತ್ತಿಗೆ ಬಂದರು. ಎಳೆದು ನೋಡಿದರು, ಬಗ್ಗಿಸಿ ನೋಡಿದರು. ಬಿಚ್ಚಲಿಲ್ಲ. ಅವರಿಗೆ ಹಿಡಿಸಿತು. ಎರಡನೆಯ ಮಷಿನ್ನಿನ ಮುಂದಿನ ಸ್ಟೂಲು ಖಾಲಿ ಇತ್ತು; ಅವರಲ್ಲೊಬ್ಬರು ಅದನ್ನೇ ಎಳೆದುಕೊಂಡು ಕೂತರು.

“ಭಾರಿ ತಲೆ ಓಡ್ಸೀರಿ ಬಿಡ್ರಿ. ಇಂಥಾದ್ದು ಮಾಡಬೇಕು ಅಂತ ನಿಮಗ ಹೆಂಗ ಹೊಳೀತು?”

ಕತೆ ನಾಲಿಗೆಯ ತುದಿಗೆ ಬಂದಿತ್ತು. ಇಕ್ಕೇರಿ, ಅಂಗಳ, ಬುಟ್ಟಿ ಹೊತ್ತ ಗಂಡಸರು, ಎಲ್ಲ ವರ್ಷಗಳಿಂದ ಹೇಳಿ ಹೇಳಿ ನುಣುಪಾದ ಸಾಲುಗಳು. ತುಂಗಮ್ಮ ಖಾಲಿ ಚೀಲವನ್ನು ಕೈಗೆತ್ತಿಕೊಂಡಳು.

“ಸುಮ್ನೆ ಹೊಳೀತು ಸಾರ್,” ಅಂದಳು. “ಅದಕ್ಕೆ ಕತೆ ಎಂಥದೂ ಇಲ್ಲ.”

ಚೀಲವನ್ನು ಮೇಜಿನ ಮೇಲೆ ಇಡುವಾಗ ಕೈ ನಡುವಿನ ಹುಕ್ಕಿನ ಕಡೆ ಹೋಯಿತು. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಚೀಲವನ್ನು ತೆರೆದ ಹಾಗೆಯೇ ಬಿಟ್ಟಳು.