ಅಳಿಸಿದ ಸಾಲಿನ ಬಣ್ಣ

ಟೀಮಿಗೆಂದು ಡಿಸೈನರ್ ಹುಡುಗಿ ಎರಡು ವಾರ ಕೂತು ಬಣ್ಣ ಹೊಂದಿಸಿ ಮಾಡಿದ ಕಲರ್ ಥೀಮನ್ನು ಹನ್ನೊಂದು ಜನ ತಾವು ಕೋಡ್ ಬರೆಯುವ ಎಡಿಟರಿಗೆ ಇನ್‌ಸ್ಟಾಲ್ ಮಾಡಿಕೊಂಡರು. ಹನ್ನೆರಡನೆಯವನು ಐದೇ ನಿಮಿಷಕ್ಕೆ ಕಿತ್ತುಹಾಕಿದ.

ಆ ಹನ್ನೆರಡನೆಯವನೇ ಮೇಷ್ಟ್ರು. ಪಾಠ ಹೇಳುವವನಲ್ಲ, ಎಲ್ಲರ ಕೋಡನ್ನೂ ತಿದ್ದುತ್ತಾನೆಂದು ಆಫೀಸು ಇಟ್ಟ ಹೆಸರು.

ಡಿಸೈನರ್ ಹುಡುಗಿಗೆ ಮೈಯೆಲ್ಲ ಉರಿಯಿತು. ಅಷ್ಟೂ ಬಣ್ಣ ಆರಿಸುವಾಗ ಅವಳ ಮನಸ್ಸಿನಲ್ಲಿದ್ದದ್ದು ಈ ಪುಣ್ಯಾತ್ಮನ ಕಣ್ಣುಗಳೇ. ಊಟದ ಬಿಡುವಿನಲ್ಲಿ ಹೋಗಿ ಅವನ ಮೇಜಿನೆದುರು ನಿಂತಳು.

“ಏನ್ರೀ ಮೇಷ್ಟ್ರೇ, ನನ್ನ ಥೀಮ್ ಕಣ್ಣಿಗೆ ಚುಚ್ತಾ?”

“ಚೆನ್ನಾಗಿತ್ತು.”

“ಚೆನ್ನಾಗಿದ್ದದ್ದನ್ನ ಯಾರಾದ್ರೂ ತೆಗೀತಾರಾ?”

ಅವನು ಸುತ್ತ ಯಾರಾದರೂ ಇದ್ದಾರೇನೋ ಎಂದು ನೋಡಿದ. ಬೆಳಿಗ್ಗೆಯಷ್ಟೇ ಟೀಮ್ ಲೀಡ್ ಎಲ್ಲರೆದುರು ಅವನಿಗೆ ಹೇಳಿದ್ದರು: “ಬೇಕಾದ ಸಾಲನ್ನ ಯಾರೋ ಅಳಿಸಿದ್ರೂ ಎರಡು ಸಲ ಪಾಸ್ ಮಾಡಿದ್ದೀರಿ. ನಾಳೆ ಕೋಡ್ ರಿವ್ಯೂನಲ್ಲಿ ಮೂರನೇದಾದ್ರೆ ರಸ್ತೆಯಾಚೆ ಬಿಲ್ಡಿಂಗಿನ ಬೇರೆ ಟೀಮಿಗೆ ಹೋಗ್ತೀರಿ.” ಆ ಮಾತು ಅವನಿಗಿಂತ ಅವಳಿಗೇ ಹೆಚ್ಚು ನಾಟಿತ್ತು.

“ಯಾರಿಗೂ ಹೇಳ್ಬೇಡಿ,” ಎಂದ ದನಿ ತಗ್ಗಿಸಿ. “ಎಡಿಟರಲ್ಲಿ ಹೊಸದಾಗಿ ಸೇರಿಸಿದ ಸಾಲು ಹಸಿರಾಗಿ, ಅಳಿಸಿದ್ದು ಕೆಂಪಾಗಿ ತೋರ್ಸುತ್ತೆ, ಅಲ್ವಾ? ನನಗೆ ಎರಡೂ ಒಣಹುಲ್ಲಿನ ಬಣ್ಣ. ಹುಟ್ಟಿದಾಗಿಂದ ಹೀಗೇ.”

ಅವಳ ಸಿಟ್ಟು ಜರ್ರನೆ ಇಳಿಯಿತು. “ಅಯ್ಯೋ! ನನ್ನ ಥೀಮಲ್ಲಿದ್ದದ್ದೇ ಎಲೆ ಹಸಿರು, ದಾಳಿಂಬೆ ಕೆಂಪು.”

“ಹೌದು. ಎಲ್ಲಾ ಕಡೆ ಹುಲ್ಲು.”

ನಗಬಾರದೆಂದುಕೊಂಡೂ ನಕ್ಕಳು. ಕುರ್ಚಿ ಎಳೆದುಕೊಂಡು ಕೂತಳು. “ಸರೀರಿ ಆಚೆ.”

ಎಡಿಟರಿನ ಸೆಟ್ಟಿಂಗ್ಸ್ ತೆರೆದಳು. ಒಂದೊಂದು ಬಣ್ಣಕ್ಕೂ ಆರು ಅಕ್ಷರ–ಅಂಕಿಗಳ ಒಂದು ಕೋಡ್. ಅವಳು ಟೈಪ್ ಮಾಡುವಳು, ಅವನು ಪರದೆಯತ್ತ ಬಾಗಿ ತೀರ್ಪು ಕೊಡುವನು. ಭುಜಕ್ಕೂ ಭುಜಕ್ಕೂ ನಡುವೆ ಒಂದು ಗೇಣಿತ್ತು. ಆಮೇಲೆ ಅರ್ಧ ಗೇಣಾಯಿತು.

“ಇದು?”

“ಮಣ್ಣು.”

“ಇದು?”

“ಇನ್ನೂ ಸ್ವಲ್ಪ ಮಣ್ಣು.”

“ಸಾಯ್ಲಿ! ನಿಮಗೆ ಚೆನ್ನಾಗಿ ಕಾಣೋದು ಏನ್ರೀ?”

ಅವನು ಪರದೆ ಬಿಟ್ಟು ಅವಳತ್ತ ತಿರುಗಿದ. “ನಿಮ್ಮ ಆ ನೀಲಿ ಸ್ವೆಟರ್. ಸೋಮವಾರ ಹಾಕ್ಕೊಂಡು ಬರ್ತೀರಲ್ಲ, ಅದು.”

ಅವಳು ಅದೇ ನೀಲಿಯ ಕೋಡ್ ಟೈಪ್ ಮಾಡಿದಳು. ಸೇರಿಸಿದ ಸಾಲು ನೀಲಿಯಾಯಿತು. ಅಳಿಸಿದ್ದಕ್ಕೆ ಉಜ್ವಲವಾದ ಕಿತ್ತಳೆ; ಸಾಲದೆಂಬಂತೆ ಹಿಂದೆ ದಪ್ಪನೆಯ ಪಟ್ಟಿ.

“ಅಬ್ಬಾ,” ಎಂದ ಅವನು, ಬಹಳ ಮೆಲ್ಲಗೆ. “ಎರಡೂ ಬೇರೆ ಬೇರೆ ಇದಾವೆ.”

ಮಾರನೆಯ ದಿನ ರಿವ್ಯೂ. ಗೋಡೆಯ ದೊಡ್ಡ ಪರದೆಗೆ ಮೇಷ್ಟ್ರ ಎಡಿಟರನ್ನೇ ಹಾಕಿದ್ದರು. ಅವಳು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಲೀಡ್ ಸರಸರನೆ ಸ್ಕ್ರೋಲ್ ಮಾಡುತ್ತಿದ್ದರು.

“ಸ್ವಲ್ಪ ನಿಲ್ಲಿಸಿ ಸಾರ್,” ಎಂದ ಮೇಷ್ಟ್ರು. “ಆ ಕಿತ್ತಳೆ ಸಾಲು ತೆಗೆದೋರು ಯಾರು? ಅದು ಹೋದ್ರೆ ಯಾರೂ ಲಾಗಿನ್ನೇ ಆಗಕ್ಕಾಗಲ್ಲ.”

ಲೀಡ್ ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “...ನಾನೇ ಕಣ್ರೀ.”

ಕೋಣೆ ಗೊಳ್ಳೆಂದಿತು. ಲೀಡ್ ತಾವೂ ನಕ್ಕು, “ನೀವೆಲ್ಲೂ ಹೋಗ್ಬೇಡಿ ಮಾರಾಯ್ರೇ, ಇಲ್ಲೇ ಇರಿ. ಇದ್ದಕ್ಕಿದ್ದ ಹಾಗೆ ಕಣ್ಣು ಹೇಗೆ ಚುರುಕಾಯ್ತು?” ಎಂದರು.

ಮೇಷ್ಟ್ರು ಎದ್ದು ನಿಂತ. ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ತಲೆಯೆತ್ತಿ ಹೇಳಿಬಿಟ್ಟ. “ನನಗೆ ಕೆಂಪು, ಹಸಿರು ಗೊತ್ತಾಗಲ್ಲ ಸಾರ್. ಹಿಂದೆ ಕೂತಿದ್ದಾರಲ್ಲ, ಅವ್ರು ನನ್ನ ಕಣ್ಣಿಗೆ ತಕ್ಕ ಹಾಗೆ ಥೀಮ್ ಮಾಡಿಕೊಟ್ರು.”

ಚಪ್ಪಾಳೆ ಮುಗಿಯುವ ಮೊದಲೇ ಅವಳು ನಾಚಿ ಹೊರಗೆ ಓಡಿದ್ದಳು. ಲಿಫ್ಟಿನ ಬಳಿ ಅವನು ಏದುಸಿರು ಬಿಡುತ್ತ ಬಂದು ಹಿಡಿದ.

“ಇನ್ನೊಂದು ಹೇಳೋದಿತ್ತು. ನನಗೆ ನೀವಂದ್ರೆ ತುಂಬಾ ಇಷ್ಟ. ಸೋಮವಾರ ಮಾತ್ರ ಅಲ್ಲ.”

ಅವನು ಅವಳ ಮುಖವನ್ನು ದಿಟ್ಟಿಸಿದ, ಕಷ್ಟದ ಕೋಡ್ ಓದುವವನ ಹಾಗೆ.

“ಕೆನ್ನೆ ಕೆಂಪಾಯ್ತಾ? ನನಗೆ ಗೊತ್ತಾಗಲ್ಲ. ನೀವೇ ಹೇಳ್ಬೇಕು.”

“ಆಗಿದೆ,” ಎಂದಳು ಅವಳು. “ಕಿವಿ ತನಕ ಆಗಿದೆ ಕಣೋ.”